ಬೆಳಕಿಂಡಿಯಿಂದ ಬಿದ್ದ ನಗು

ಮೈಕು ನನ್ನ ಕೈಯಲ್ಲಿತ್ತು, ಬಾಯಿಯೂ ನನ್ನದೇ, ಬುದ್ಧಿಯನ್ನು ಮಾತ್ರ ಓಣಿಯ ಮಂದಿಗೆ ಕೊಟ್ಟು ಕೂತಿದ್ದೆ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಹಗುರಾಗುತ್ತದೆ. ಒಬ್ಬ ಹುಡುಗಿ ನಮ್ಮ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ತಿರುಗುವಂತಾದದ್ದು, ಹತ್ತನೆಯ ತರಗತಿಯ ಪರೀಕ್ಷೆ ಎದುರಿಗಿರುವಾಗ ಅವಳ ಟ್ರಂಕು ಪಡಸಾಲೆಗೆ ಬಂದು ಕೂತದ್ದು ನನ್ನಿಂದ. ಬೇರೆ ಹುಡುಗರೂ ಇದ್ದರಲ್ಲ ಎಂದು ವಾದಿಸಬಹುದು. ಇದ್ದರು. ಆದರೆ ಅವರೆಲ್ಲ ನನ್ನ ನಕಲುಗಳು. ಜೀವನವಿಡೀ ಇನ್ನೊಬ್ಬರ ನಕಲು ಮಾಡಿದವನಿಗೆ ತಾನೇ ಅಸಲು ಎನಿಸಿಕೊಳ್ಳುವ ಭಾಗ್ಯ ಒಮ್ಮೆ ಬರುತ್ತದೆ ಎಂದುಕೊಂಡರೆ, ನನಗೆ ಅದು ಬಂದದ್ದು ಹೀಗೆ.

ನನ್ನ ತಂಗಿಯ ಮಗ ಒಂದೊಂದು ದಿನ ಮೊಬೈಲು ಮಗುಚಿ ಇಟ್ಟು, ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ. ಏನಾಯಿತೋ ಎಂದರೆ "ಏನಿಲ್ಲ ಮಾವ" ಎನ್ನುತ್ತಾನೆ. ಆ "ಏನಿಲ್ಲ" ನನಗೆ ಹಳೆಯ ಪರಿಚಯ. ಮಂದಿಯ ನಗು ಈಗ ಗಾಳಿಯಲ್ಲಿ ಬರುತ್ತದೆ, ನಮ್ಮ ಕಾಲದಲ್ಲಿ ವೈರಿನಲ್ಲಿ ಬರುತ್ತಿತ್ತು. ಅವನಿಗೆ ಬುದ್ಧಿ ಹೇಳು ಎಂದು ತಂಗಿ ನನ್ನನ್ನು ಕಣ್ಣಲ್ಲೇ ತಿವಿಯುತ್ತಾಳೆ. ಯಾವ ಬಾಯಿಂದ ಹೇಳಲಿ? ನನ್ನ ಬಾಯಿಯ ಚರಿತ್ರೆ ಅವಳಿಗೂ ಗೊತ್ತು.

ನಮ್ಮದು ಸಿಂಧನೂರಿನ ಹಳೆಯ ಓಣಿಯೊಂದರ ಮಣ್ಣಿನ ಮಾಳಿಗೆ ಮನೆ. ಪಡಸಾಲೆ, ನಡುಮನೆ, ಅಡಿಗೆಮನೆ ಒಂದರ ಹಿಂದೊಂದು, ರೈಲು ಡಬ್ಬಿಗಳ ಹಾಗೆ. ನಮ್ಮೂರಿಗೆ ಆಗ ರೈಲು ಬಂದಿರಲಿಲ್ಲ, ಹಾಗಾಗಿ ಈ ಹೋಲಿಕೆ ನನಗೆ ಬಹಳ ತಡವಾಗಿ ಹೊಳೆದದ್ದು. ನಡುಮನೆಯ ನೆತ್ತಿಯಲ್ಲಿ ಒಂದು ಬೆಳಕಿಂಡಿ. ಬೆಳಗಿನ ಹೊತ್ತು ಅದರೊಳಗಿಂದ ಬಿಸಿಲಿನ ಕೋಲೊಂದು ಇಳಿದು ನೆಲದ ಮೇಲೆ ಮೆಲ್ಲಗೆ ನಡೆಯುತ್ತಿತ್ತು. ಬೀಸುವ ಕಲ್ಲಿನ ಹತ್ತಿರ ಬಂದರೆ ಶಾಲೆಗೆ ಹೊತ್ತಾಯಿತು ಎಂದು ಅರ್ಥ. ಮಳೆ ಬಂದರೆ ಯಾರಾದರೂ ಮೇಲೆ ಹತ್ತಿ ಅದಕ್ಕೆ ಕಲ್ಲಿನ ಚಪ್ಪಡಿ ಎಳೆಯಬೇಕು. ಯಾರು ಹತ್ತಬೇಕು ಎಂಬ ಜಗಳ ಮುಗಿಯುವಷ್ಟರಲ್ಲಿ ಮಳೆಯೇ ಮುಗಿದಿರುತ್ತಿತ್ತು, ನಮ್ಮ ಕಡೆಯ ಮಳೆ ಅಷ್ಟರದೇ. ಅಪ್ಪ ಪಡಸಾಲೆಯಲ್ಲಿ ರೇಡಿಯೋ, ಟೇಪು ರಿಪೇರಿ ಮಾಡುತ್ತಿದ್ದ. ತೊಂಬತ್ತರ ದಶಕ ಶುರುವಾದ ಮೇಲೆ ಅವನಿಗೆ ಡಿಶ್ಶಿನ ಹುಚ್ಚು ಹಿಡಿಯಿತು. ಹೈದರಾಬಾದಿನಿಂದ ಲಾರಿಯ ಮೇಲೆ ಅಂಗಳದಗಲ ಜಾಲರಿಯ ಬುಟ್ಟಿಯೊಂದು ಬಂದು ನಮ್ಮ ಮಾಳಿಗೆಯ ಮೇಲೆ ಆಕಾಶಕ್ಕೆ ಬಾಯಿ ತೆರೆದು ಕೂತಿತು. ನಡುಮನೆಯಲ್ಲಿ ದೇವರ ಮಾಡದ ಕೆಳಗೆ ವಿಸಿಆರ್, ಕೆಂಪು ದೀಪದ ಮಿಶನ್ನುಗಳು, ಚಿತ್ರ ಸರಿ ಹೋಗುತ್ತಿದೆಯೋ ಇಲ್ಲವೋ ನೋಡಲು ಒಂದು ಪುಟ್ಟ ಟಿ.ವಿ. ಅಲ್ಲಿಂದ ಕಪ್ಪು ವೈರು ಬೆಳಕಿಂಡಿಯಲ್ಲಿ ಹಾಯ್ದು, ಮಾಳಿಗೆಯಿಂದ ಮಾಳಿಗೆಗೆ, ಬೇವಿನ ಮರದಿಂದ ಲೈಟಿನ ಕಂಬಕ್ಕೆ ಹಾರುತ್ತ ಓಣಿಯ ಮನೆಮನೆಯನ್ನೂ ಹೊಕ್ಕಿತ್ತು. ಮಧ್ಯಾಹ್ನ ಒಂದು ಸಿನಿಮಾ, ಸಂಜೆ ಒಂದು. ಕ್ಯಾಸೆಟ್ಟುಗಳು ಲಿಂಗಸುಗೂರಿನ ಅಂಗಡಿಯಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬರುತ್ತಿದ್ದವು. ಜನ ನಮ್ಮನ್ನು "ವೈರಿನ ಮನಿಯವರು" ಎನ್ನತೊಡಗಿದರು. ಅದಕ್ಕೂ ಮೊದಲು ನಮಗೊಂದು ಅಡ್ಡಹೆಸರಿತ್ತು. ಅದನ್ನು ಬರೆಯುವುದಿಲ್ಲ, ಡಿಶ್ಶಿಗೆ ಹಾಕಿದ ದುಡ್ಡಿನ ಅರ್ಧ ಅದನ್ನು ಮರೆಸಲಿಕ್ಕೇ ಹೋಯಿತು ಎಂದು ಅವ್ವ ಅನ್ನುತ್ತಿದ್ದಳು.

ಅಜ್ಜಿಯನ್ನು ನಾವು "ಅಮ್ಮ" ಎಂದು ಕರೆಯುತ್ತಿದ್ದೆವು. ಅಮ್ಮನಿಗೂ ಡಿಶ್ಶಿಗೂ ಆಗಿಬರಲಿಲ್ಲ. ಮಾಳಿಗೆ ಎಂದರೆ ಅವಳ ಪಾಲಿಗೆ ಮೆಣಸಿನಕಾಯಿ, ಸಂಡಿಗೆ, ಶಾವಿಗೆ ಒಣಗಿಸುವ ಜಾಗ. ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಇಡೀ ಓಣಿಯ ಟಿ.ವಿ.ಗಳಲ್ಲಿ ಚಿತ್ರ ಹೋಗಿ ಬರೀ ಇರುವೆ ಹರಿದಾಡಿದಂತಾಯಿತು. ಮಂದಿ ಬಾಗಿಲಿಗೆ ಬಂದರು. ಅಪ್ಪ ಮಿಶನ್ನು ಬಿಚ್ಚಿದ, ಪಿನ್ನು ತಿಕ್ಕಿದ, ದೇವರಿಗೆ ಕೈ ಮುಗಿದ. ಕೊನೆಗೆ ಮಾಳಿಗೆ ಹತ್ತಿ ನೋಡಿದರೆ ಅಮ್ಮ ಒಗೆದ ಕೌದಿಯನ್ನು, ನೀರು ತೊಟ್ಟಿಕ್ಕುತ್ತಿರುವಂತೆಯೇ, ಡಿಶ್ಶಿನ ಮೇಲೆ ಹರವಿ ನಾಲ್ಕೂ ಮೂಲೆಗೆ ಕಲ್ಲು ಹೇರಿದ್ದಳು.

"ಯವ್ವಾ, ಕೌದಿ ಒಣಾಕಾಕ ನಿನಗ ಡಿಶ್ಶ ಸಿಕ್ತೇನು?"

"ಮತ್ತೆಲ್ಲಿ ಹಾಕ್ಲೆಪಾ? ಇದ್ದ ಮಾಳಿಗೆಲ್ಲ ನಿನ್ನ ಬುಟ್ಟಿ ನುಂಗೇತಿ."

"ಓಣಿ ಮಂದಿಗೆಲ್ಲ ಚಿತ್ರ ಹೋಗೇತಿ!"

"ಹೋಗ್ಲಿ ಬಿಡು. ಕೌದಿ ಒಣಗಿಂದ ಬರ್ತೈತಿ."

ಇಂಥ ಮನೆಗೆ ಎಂಟನೆಯ ತರಗತಿ ಓದಲು ಬಂದವಳು ಈರಮ್ಮ. ಅಪ್ಪನ ಅಕ್ಕನ ಮಗಳು, ಬಳಗಾನೂರಿನವಳು, ನನಗಿಂತ ಒಂದು ವರ್ಷ ದೊಡ್ಡವಳು. ಊರಲ್ಲಿದ್ದರೆ ಸಗಣಿ-ಕಸದಲ್ಲಿ ಓದು ಮುಳುಗುತ್ತದೆ ಎಂದು ಅತ್ತೆ ಹಟ ಹಿಡಿದು ತಂದು ಬಿಟ್ಟಿದ್ದಳು. ಮಾವನಿಗೆ ಮನಸ್ಸಿರಲಿಲ್ಲ. "ಹತ್ತನೇದ ತನಕ ಇರ್ಲಿ. ನಡುವ ಏನರ ಮಾತು ಬಂತಂದ್ರ ಅವತ್ತ ಕರಕೊಂಡು ಹೊಕ್ಕೀನಿ" ಎಂದು ಹೊಸ್ತಿಲಲ್ಲಿ ನಿಂತೇ ಷರತ್ತು ಹಾಕಿ, ಚಹಾ ಕೂಡ ಕುಡಿಯದೆ ಹೋಗಿದ್ದ. ಈರಮ್ಮ ಹುಟ್ಟಿದ್ದು ನಮ್ಮ ಮನೆಯಲ್ಲೇ, ಅವಳಿಗಿಟ್ಟದ್ದು ಅಮ್ಮನ ಅತ್ತೆಯ ಹೆಸರು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವುದುಂಟೇ? ಹಾಗಾಗಿ ಎಪ್ಪತ್ತರ ಹತ್ತಿರದ ಅಮ್ಮ ಈ ಹದಿಮೂರರ ಹುಡುಗಿಯನ್ನು "ಅತ್ತೀ" ಎಂದೇ ಕರೆಯುತ್ತಿದ್ದಳು. "ಅತ್ತೀ, ಒಂಚೂರು ಬೆನ್ನು ತಿಕ್ಕು ಬಾ." ಸತ್ತ ಅತ್ತೆಯಿಂದ ಬೆನ್ನು ತಿಕ್ಕಿಸಿಕೊಳ್ಳುವ ಸುಖ ಅಮ್ಮನ ಮುಖದಲ್ಲಿ ಕಾಣುತ್ತಿತ್ತು.

ಈರಮ್ಮನ ಧ್ವನಿ ಗಂಡಸರ ದನಿಯ ಹಾಗೆ ದಪ್ಪ, ಅದರ ತುದಿ ಒಡೆದಿತ್ತು. ಸಣ್ಣವಳಿದ್ದಾಗಿನಿಂದ ಹೊಲದಲ್ಲಿ ಅಟ್ಟಣಿಗೆ ಹತ್ತಿ ಜೋಳದ ತೆನೆಗೆ ಬರುವ ಹಕ್ಕಿಗಳನ್ನು ಕೂಗಿ ಕೂಗಿ ಓಡಿಸಿದವಳು. ಹಕ್ಕಿ ಹೋದವು, ಹೋಗುವಾಗ ಇವಳ ಗಂಟಲಿನ ನಯವನ್ನೂ ಒಯ್ದವು. ಅವಳಿಗೆ ಅದರ ಬಗ್ಗೆ ಯಾವ ನಾಚಿಕೆಯೂ ಇರಲಿಲ್ಲ. ಬೆಳಗಿನ ಜಾವ ಎದ್ದು, ಅವ್ವ ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕೂತು, ಹಂಚಿನ ಮೇಲಿನ ರೊಟ್ಟಿ ತಿರುವುತ್ತ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಗಟ್ಟಿಯಾಗಿ ಓದದಿದ್ದರೆ ಅವಳ ತಲೆಗೆ ಹತ್ತುತ್ತಿರಲಿಲ್ಲ. ಕಿವಿಯಿಂದಲೇ ಒಳಗೆ ಹೋಗಬೇಕು. "ದ್ಯುತಿಸಂಶ್ಲೇಷಣೆ ಎಂದರೇನು?" ಎಂದು ತಾನೇ ಕೇಳಿ, ತಾನೇ ಉತ್ತರ ಹೇಳುವಳು. ರೊಟ್ಟಿ ಬಡಿಯುವ ಸದ್ದು, ಆ ಧ್ವನಿ, ಒಲೆಯ ಹೊಗೆ ಮೂರೂ ಕೂಡಿ ನಡುಮನೆಗೆ ಬರುತ್ತಿದ್ದವು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಒಂದು ದಿನ ಕರಿಬೇವಿನ ಗಿಡದ ಕುಂಡವನ್ನು ನೆರಳಿನಿಂದ ಬಿಸಿಲಿಗೆ ಸರಿಸಿ, "ಇದು ತನ್ನ ಕೂಳು ತಾನ ಬೇಯಿಸ್ಕೋತೈತಂತ, ಬಿಸಲು ಬೇಕಂತ. ನಮ್ಮ ಮನ್ಯಾಗಿನ ಗಂಡಸರಿಗಿಂತ ಪಾಡು" ಎಂದಳು.

ಇನ್ನು ನನ್ನ ಮೈಕಿನ ಕತೆ. ಸಿನಿಮಾ ಮುಗಿದ ಮೇಲೆ ಕ್ಯಾಸೆಟ್ಟು ಹಿಂದಕ್ಕೆ ಸುತ್ತಬೇಕು, ಇನ್ನೊಂದು ಹಾಕಬೇಕು, ನಡುವೆ ವಿಸಿಆರಿನ ಹೆಡ್ಡು ಕೊಳೆಯಾಗಿದ್ದರೆ ಒರೆಸಬೇಕು. ಆ ಹೊತ್ತಿನಲ್ಲಿ ಪರದೆ ಬರೀ ನೀಲಿ. ಪರದೆ ಖಾಲಿ ಬಿಟ್ಟರೆ ಮಂದಿ ಬಾಗಿಲಿಗೆ ಬರುತ್ತಾರೆ ಎಂಬುದು ಅಪ್ಪನ ಅನುಭವ. ಅದಕ್ಕೇ ಅವನು ಮಿಶನ್ನಿಗೆ ಒಂದು ಮೈಕು ಸಿಕ್ಕಿಸಿಟ್ಟಿದ್ದ. ಯಾರದೋ ಎಮ್ಮೆ ಕಳೆದಿದೆ, ಯಾರದೋ ಮನೆಯಲ್ಲಿ ಹೆಸರಿಡುವ ಕಾರ್ಯವಿದೆ, ಕರೆಂಟು ಹೋಗುವುದಿದೆ ಎಂದು ಹೇಳುತ್ತ ಹೊತ್ತು ತುಂಬಿಸುವುದು. ಅಪ್ಪನಿಗೆ ಮೈಕು ಕಂಡರೆ ಬಾಯಿ ಒಣಗುತ್ತಿತ್ತು. ನನಗೆ ಒಣಗುತ್ತಿದ್ದದ್ದು ಮೈಕು ಇಲ್ಲದಿದ್ದರೆ. ಮೊದಲು ಎಮ್ಮೆ ಕಳೆದ ಸುದ್ದಿಯನ್ನು ಬಸ್‌ಸ್ಟ್ಯಾಂಡಿನಲ್ಲಿ "ಮಸ್ಕೀ, ಲಿಂಗಸ್ಗೂರ್, ಲಿಂಗಸ್ಗೂರ್" ಎಂದು ಕೂಗುವವನ ಧ್ವನಿಯಲ್ಲಿ ಹೇಳಿದೆ. ಆಮೇಲೆ ನಮ್ಮ ಗಣಿತದ ಮಾಸ್ತರರ ಮೂಗಿನಲ್ಲಿ ಹೇಳಿದೆ. ಅಮ್ಮ ಜಗಳವಾಡುವ ಧಾಟಿ, ಅಪ್ಪ ಸೀನುವ ಧಾಟಿ, ಕೊನೆಗೆ ಹೊಡೆತ ತಿನ್ನುವಾಗ ನಾನು ಅಳುವ ಧಾಟಿ, ಯಾವುದನ್ನೂ ಬಿಡಲಿಲ್ಲ.

ಆಗ ಕೇಳಿಸಿತು ಆ ನಗು. ಒಂದೇ ಹೊತ್ತಿಗೆ, ಎಲ್ಲ ಮನೆಗಳಿಂದ. ಮಾಳಿಗೆಗಳ ಮೇಲೆ ಹಾಯ್ದು ಬಂದು, ಬೆಳಕಿಂಡಿಯೊಳಗಿಂದ ಜೋಳದ ಚೀಲ ಸುರಿದಂತೆ ನನ್ನ ತಲೆಯ ಮೇಲೆ ಬಿತ್ತು. ಎದುರಿಗೆ ಕೂತವರನ್ನು ನಗಿಸಿದ್ದು ಬೇರೆ. ಮುಖ ಕಾಣದ ಮಂದಿ ಗೋಡೆಗಳ ಆಚೆ ಒಟ್ಟಿಗೆ ನಗುವುದು ಬೇರೆ. ಅದರ ರುಚಿ ಹತ್ತಿದವನಿಗೆ ಅನ್ನ ಸಪ್ಪೆ. ಕ್ಯಾಸೆಟ್ಟು ಬೇಗ ಮುಗಿಯಲಿ ಎಂದು ಸಿನಿಮಾದ ಉದ್ದಕ್ಕೂ ಕಾಯುತ್ತಿದ್ದೆ. ನಾಯಕ ಸಾಯುತ್ತಿದ್ದರೆ ನನಗೆ ಬೇಗ ಸಾಯಲಿ ಎನಿಸುತ್ತಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ ಹುಡುಗರು ಸುತ್ತುವರಿಯುತ್ತಿದ್ದರು. ನನ್ನ ಗೆಳೆಯ ರಫೀಕ, ಅಪ್ಪನ ಜೊತೆ ಮಾಳಿಗೆ ಹತ್ತಿ ವೈರು ಎಳೆಯುವವನು, ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದ:

"ಆಜ್ ಕಿಸ್ಕಿ ಬಾರಿ ರೇ? ಇವತ್ತ ಯಾರ ಪಾಳಿ?"

ಪಾಳಿ ಎಲ್ಲರದೂ ಬಂತು. ತಮ್ಮದು ಬಂದಾಗ ಸಿಟ್ಟಾಗಿ ಬಾಗಿಲಿಗೆ ಬಂದವರು, ಮರುದಿನ ಪಕ್ಕದ ಮನೆಯವರ ಪಾಳಿ ಬಂದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಇದನ್ನು ನಾನು ಆಗಲೇ ಗಮನಿಸಿದ್ದೆ. ಗಮನಿಸಿ ಸುಮ್ಮನಿದ್ದೆ, ನನಗೆ ಅದರಿಂದ ಅನುಕೂಲವಿತ್ತು.

ನನ್ನ ಪಾಳಿ ಬಂದದ್ದು ಒಂಬತ್ತನೆಯ ತರಗತಿಯಲ್ಲಿ. ಒಂದು ಸಂಜೆ ಮೈಕು ಹಿಡಿದು ಮಾಸ್ತರರ ಮೂಗು ಏರಿಸಲು ಹೋದೆ. ಧ್ವನಿ ನಡುದಾರಿಯಲ್ಲಿ ಒಡೆಯಿತು. ಮೇಲೆ ಹತ್ತಿದರೆ ಕೋಳಿ ಕೂಗಿದಂತೆ, ಕೆಳಗಿಳಿದರೆ ಖಾಲಿ ಕೊಡ ಉರುಳಿದಂತೆ. ಗಡ್ಡ-ಮೀಸೆ ಬರುವ ಮೊದಲು ಎಲ್ಲ ಹುಡುಗರಿಗೂ ಆಗುವುದೇ, ಆದರೆ ಯಾರಿಗೂ ಇಡೀ ಓಣಿಯ ಎದುರು ಆಗುವುದಿಲ್ಲ. ನಗು ಬಿತ್ತು. ಈ ಸಲ ಅದು ಜೋಳ ಸುರಿದಂತಿರಲಿಲ್ಲ, ಹರಳುಗಲ್ಲು ಸುರಿದಂತಿತ್ತು. ಮರುದಿನದಿಂದ ಹುಡುಗರು ನನ್ನನ್ನು ಕಂಡಲ್ಲೆಲ್ಲ ಕೋಳಿ ಕೂಗಿದರು. ರಫೀಕನೂ ಕೂಗಿದ, ಪಾಪ, ಅವನದು ಅಷ್ಟೇನೂ ಚೆನ್ನಾಗಿರಲಿಲ್ಲ. ನಾನು ಊಟ ಬಿಟ್ಟು ಮಲಗಿದೆ. ಅವ್ವ ಬಂದು ಕೇಳಿದಳು.

"ಯಾಕಲೇ, ಏನಾತು?"

"ಏನಿಲ್ಲ."

ಇಲ್ಲಿ ನನಗೆ ಬುದ್ಧಿ ಬಂತು, ಇನ್ನೊಬ್ಬರ ನೋವು ತಿಳಿಯಿತು ಎಂದು ಬರೆದರೆ ಎಷ್ಟು ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ನನಗೆ ಹೊಳೆದದ್ದು ಒಂದೇ: ಮಂದಿ ನನ್ನನ್ನು ಬಿಟ್ಟು ನಗಲು ಅವರಿಗೆ ಬೇರೆ ಯಾರಾದರೂ ಬೇಕು. ಆದರೆ ನನ್ನ ಹಳೆಯ ಧ್ವನಿಗಳೆಲ್ಲ ಹೋಗಿದ್ದವು. ಬಸ್‌ಸ್ಟ್ಯಾಂಡಿನವನು ಬರಲಿಲ್ಲ, ಮಾಸ್ತರರು ಬರಲಿಲ್ಲ, ಅಮ್ಮ ಬರಲಿಲ್ಲ. ಆ ಒಡೆದ ಗಂಟಲಿಗೆ ಅಳತೆ ತೆಗೆದು ಹೊಲಿದಂತೆ ಕೂಡುವ ಧ್ವನಿ ಊರಲ್ಲಿ ಒಂದೇ ಇತ್ತು, ಅದು ದಿನಾ ಬೆಳಗ್ಗೆ ನಮ್ಮ ಒಲೆಯ ಮುಂದೆ ಕೂತು ಓದುತ್ತಿತ್ತು.

ಮರುದಿನ ಶಾಲೆ ತಪ್ಪಿಸಿ ಮನೆಯಲ್ಲೇ ಉಳಿದೆ. ಮಧ್ಯಾಹ್ನ ಪರದೆ ನೀಲಿಯಾಯಿತು. ನಾನು ಮೈಕು ಹಿಡಿದು, "ದ್ಯುತಿಸಂಶ್ಲೇಷಣೆ ಎಂದರೇನು?" ಎಂದೆ. ಬೆಳಕಿಂಡಿಯೇ ಕಿತ್ತು ಬಿದ್ದಂಥ ನಗು. ನಮ್ಮ ಮನೆಯಲ್ಲೂ ನಕ್ಕರು, ಇದನ್ನು ಮುಚ್ಚಿಡುವುದಿಲ್ಲ. ಅಪ್ಪ ಪಡಸಾಲೆಯಲ್ಲಿ ಸ್ಕ್ರೂಡ್ರೈವರ್ ಕೆಳಗಿಟ್ಟು ನಕ್ಕ. ಅಮ್ಮ "ನಮ್ಮ ಅತ್ತೀನ ಕುಂತಂಗ ಐತಿ ನೋಡವ್ವಾ" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಈರಮ್ಮ ಶಾಲೆಯಿಂದ ಬಂದ ಮೇಲೆ ಅವಳೆದುರೂ ಮಾಡಿ ತೋರಿಸಿದೆ. ಅವಳೂ ಒಂದು ಸಲ ನಕ್ಕಳು. ಆ ಒಂದು ನಗುವನ್ನು ನಾನು ಪರವಾನಗಿ ಎಂದುಕೊಂಡೆ.

ಕೋಳಿ ಕೂಗು ನಿಂತಿತು. ಹುಡುಗರು ನನ್ನ ಹೆಗಲ ಮೇಲೆ ಮತ್ತೆ ಕೈ ಹಾಕಿದರು. ಈಗ ಅವರ ಬಾಯಲ್ಲಿ ದ್ಯುತಿಸಂಶ್ಲೇಷಣೆ. ಅವಳು ನೀರಿಗೆ ಹೊರಟರೆ ಒಂದು ಕಟ್ಟೆಯಿಂದ, ಶಾಲೆಗೆ ಹೊರಟರೆ ಇನ್ನೊಂದು ಕಿಟಕಿಯಿಂದ, ಆ ದಪ್ಪ ಧ್ವನಿಯಲ್ಲಿ ಪ್ರಶ್ನೆ ಬೀಳುತ್ತಿತ್ತು. ತಿರುಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ. ಅವಳನ್ನು ಎಂದೂ ಕಾಣದವರು, ಪಕ್ಕದ ಓಣಿಯ ಸಣ್ಣ ಹುಡುಗರು ಕೂಡ, ಅವಳ ಧ್ವನಿಯನ್ನು ಬಲ್ಲವರಾದರು. ಹೊರಗೆ ಸಾಕಾಗಿ ಮನೆಗೆ ಬಂದರೆ ನಡುಮನೆಯಲ್ಲಿ ನಾನು, ಮೈಕು, ಮಿಶನ್ನು. ಬೇರೆಯವರಿಗೆ ಕಾಟ ವೈರಿನ ತುದಿಯಲ್ಲಿತ್ತು, ಅವಳಿಗೆ ಬುಡದಲ್ಲೇ ಇತ್ತು. ಒಂದು ಸಂಜೆ ಬೀಸುವ ಕಲ್ಲಿನ ಹತ್ತಿರ, ಯಾರೂ ಇಲ್ಲದಾಗ, ಮೆಲ್ಲಗೆ ಹೇಳಿದಳು.

"ಸಾಕು ಮಾಡೋ. ಹೊರಗ ಹೋಗಾಕ ಆಗವಲ್ದು."

ನಾನು ಅದೇ ಧ್ವನಿಯಲ್ಲಿ, ಅದೇ ಮೆಲ್ಲಗೆ, "ಸಾಕು ಮಾಡೋ, ಹೊರಗ ಹೋಗಾಕ ಆಗವಲ್ದು" ಎಂದೆ. ಕೇಳಲು ಅಲ್ಲಿ ಮಂದಿಯೂ ಇರಲಿಲ್ಲ. ಅಭ್ಯಾಸಬಲ. ನನ್ನ ಬಾಯಿ ಮಾಡಿದ ಕೆಲಸಗಳಲ್ಲಿ ಇದನ್ನು ನೆನೆದರೆ ಮಾತ್ರ ಈಗಲೂ ಎದ್ದು ಎಲ್ಲಾದರೂ ಹೋಗಬೇಕು ಎನಿಸುತ್ತದೆ. ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಮೆಲ್ಲಮೆಲ್ಲಗೆ ಎಲ್ಲರ ಜೊತೆಗೂ ಬಿಟ್ಟಳು. ಅಮ್ಮ "ಅತ್ತೀ" ಎಂದರೆ ಎದ್ದು ಬಂದು ನಿಲ್ಲುತ್ತಿದ್ದಳು, "ಓ" ಎನ್ನುತ್ತಿರಲಿಲ್ಲ. ಊಟಕ್ಕೆ ಕೂತಾಗ ಪುಂಡಿಪಲ್ಯ ಬೇಕಿದ್ದರೆ ಪಾತ್ರೆಯ ಕಡೆ ನೋಡುತ್ತಿದ್ದಳು. ಬೆಳಗಿನ ಜಾವದ ಓದು ನಿಂತಿತು. ಪುಸ್ತಕ ತೊಡೆಯ ಮೇಲಿರುತ್ತಿತ್ತು, ತುಟಿ ಅಲ್ಲಾಡುತ್ತಿತ್ತು, ಸದ್ದಿಲ್ಲ. ರೊಟ್ಟಿ ಬಡಿಯುವ ಸದ್ದೊಂದೇ ಉಳಿಯಿತು. ತಿಂಗಳ ಪರೀಕ್ಷೆಯಲ್ಲಿ ವಿಜ್ಞಾನ ಹೋಯಿತು. ಅವ್ವನಿಗೆ ಅಷ್ಟರಲ್ಲಿ ನಗು ಹೋಗಿತ್ತು. ಒಂದು ದಿನ ಹಿಟ್ಟಿನ ಕೈಯಿಂದಲೇ ನನ್ನ ಕೆನ್ನೆಗೆ ಬಾರಿಸಿ, "ಆ ಹುಡುಗಿ ಗಂಟ್ಲು ನುಂಗಿ ಕುಂತೀಯಲ್ಲೋ, ಉಗುಳಲೇ" ಎಂದಳು. ಅಪ್ಪ ಮೈಕು ಬಚ್ಚಿಟ್ಟ. ಎಲ್ಲಿಟ್ಟ ಎಂಬುದು ಅಮ್ಮನ ಕೌದಿಗಳ ಗಂಟಿಗೂ ನನಗೂ ಗೊತ್ತಿತ್ತು. ನಾನು ತೆಗೆಯಲಿಲ್ಲ. ಆದರೆ ನಾನು ನಿಲ್ಲಿಸಿದರೆ ಏನಾಗುತ್ತದೆ? ಯಾವನೋ ಹುಡುಗ ತಮ್ಮ ಮನೆಯ ಟಿ.ವಿ.ಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ನನ್ನ ಆ ಮಧ್ಯಾಹ್ನವನ್ನು ಹಿಡಿದಿಟ್ಟಿದ್ದ. ಒಂದರಿಂದ ಇನ್ನೊಂದು ಕ್ಯಾಸೆಟ್ಟಾಯಿತು. ಟೆಂಪೋದವರ ಕೈಗೆ ಹೋಯಿತು, ಮಸ್ಕಿಗೆ ಹೋಗುವ ಬಸ್ಸು ಹತ್ತಿತು. ಚಹಾದಂಗಡಿಗಳಲ್ಲಿ ಸಿನಿಮಾ ಹಾಡುಗಳ ನಡುವೆ ನಮ್ಮ ಒಲೆಯ ಮುಂದಿನ ವಿಜ್ಞಾನ ಕೇಳಿಸತೊಡಗಿತು.

ಮಸ್ಕಿಯ ಅಂಥ ಒಂದು ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ಮಾವ ಅದನ್ನು ಕೇಳಿದ, ಸಿಂಧನೂರಿನ ಟಿ.ವಿ.ಯಲ್ಲಿ ಬಂದದ್ದು ಎಂದು ಅಂಗಡಿಯವರೇ ಹೇಳಿದರು. ಮರುದಿನವೇ, ಅದೊಂದು ಭಾನುವಾರ, ಅವನು ನಮ್ಮ ಮನೆಗೆ ಬಂದ. ಬೈಯಲಿಲ್ಲ. ದಣಿದಿದ್ದ. ಟವೆಲಿನಿಂದ ಮುಖ ಒರೆಸಿಕೊಂಡು ಪಡಸಾಲೆಯಲ್ಲಿ ಕೂತು ಮಗಳನ್ನು ಕರೆದ.

"ನಿನ್ನ ಓದಾಕ ಬಿಟ್ಟಿದ್ದೆ. ಟೀವ್ಯಾಗ ಮಾತಾಡು ಅಂತ ಯಾರು ಹೇಳಿದ್ರು?"

ಈರಮ್ಮ ತಲೆ ತಗ್ಗಿಸಿ ನಿಂತಳು. ಅದು ಮಗಳ ಧ್ವನಿಯೇ ಎಂದು ಹೆತ್ತ ಅಪ್ಪ ನಂಬಿದ್ದ. ನಕಲು ಮಾಡುವವನಿಗೆ ಇದಕ್ಕಿಂತ ದೊಡ್ಡ ಪದಕ ಉಂಟೇ? ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಬಾಯಿ ಬಿಟ್ಟೆ.

"ಮಾವ, ಅದು ಈರಮ್ಮ ಅಲ್ರಿ. ನಾನ ಮಾಡಿದ್ದು. ಆಕಿ ಮೈಕ ಮುಟ್ಟಿಲ್ರಿ."

ಅಪ್ಪನ ಕೈ ನನ್ನ ಬೆನ್ನ ಮೇಲೆ ಬಿತ್ತು. ಮಾವ ಅಪ್ಪನನ್ನು ತಡೆದ. ನನ್ನ ಕಡೆ ತಿರುಗಿದ.

"ನಂಬಿದೆ ತೊಗೊ. ನಾ ನಂಬಿದ್ರ ಏನಾತು? ಮಂದಿ ಕೇಳಿದ್ದು ನಮ್ಮ ಹುಡುಗಿ ದನಿ. ಅದು ಆಕಿ ಅಲ್ಲ, ನಾನು ಅಂತ ನೀ ಮನಿಮನಿಗೆ ಹೋಗಿ ಹೇಳ್ತೀಯೇನು?"

ಅವ್ವ ಬೇಡಿಕೊಂಡಳು. ಪರೀಕ್ಷೆ ಹತ್ತಿರ ಬಂದಿದೆ, ಅಲ್ಲಿಯ ತನಕ ಬಿಡ್ರಿ ಎಂದಳು. ಅಮ್ಮ "ನಮ್ಮತ್ತೀನ ಕಳಸಂಗಿಲ್ಲ ನಾ" ಎಂದು ಹೊಸ್ತಿಲಿಗೆ ಅಡ್ಡ ಕೂತಳು. ಮಾವ ಟ್ರಂಕು ತರಲು ಹೇಳಿದ. ಊಟ ಮಾಡಿಕೊಂಡು ಹೋಗಿ ಎಂದು ಅವ್ವ ಒಲೆ ಹಚ್ಚಿದಳು. ಈರಮ್ಮ ಟ್ರಂಕನ್ನು ತಾನೇ ಎಳೆದು ತಂದು ಪಡಸಾಲೆಯಲ್ಲಿಟ್ಟು, ಒಳಗೆ ಹೋಗಿ, ಏನೂ ಆಗಿಲ್ಲವೆಂಬಂತೆ ಒಲೆಯ ಮುಂದೆ ಕೂತು ರೊಟ್ಟಿ ತಿರುವತೊಡಗಿದಳು.

ಮಾವ ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಹೊಕ್ಕು ಕೂತಿತ್ತು. ಮನಿಮನಿಗೆ ಹೋಗಿ ಹೇಳ್ತೀಯೇನು? ಯಾಕೆ ಹೇಳಬಾರದು? ಮನೆಮನೆಗೆ ಹೋಗುವುದೇ ನಮ್ಮ ವೈರಿನ ಕಸುಬಲ್ಲವೇ? ಭಾನುವಾರ ಮಧ್ಯಾಹ್ನ, ಎಲ್ಲರೂ ಟಿ.ವಿ. ಹಚ್ಚಿ ಸಿನಿಮಾ ಶುರುವಾಗಲೆಂದು ಕೂತಿರುವ ಹೊತ್ತು. ಬೇರೆ ಯಾವ ಊರಿನ ಹುಡುಗನಿಗೂ ಇಂಥ ತಪ್ಪು ಮಾಡುವ ಸೌಕರ್ಯವಿರಲಿಲ್ಲ. ನಾನು ಕೌದಿಗಳ ಗಂಟಿನಿಂದ ಮೈಕು ತೆಗೆದು ಮಿಶನ್ನಿಗೆ ಸಿಕ್ಕಿಸಿದೆ.

ಈ ಅಧ್ಯಾಯದ ಕೊನೆಯ ಮಾತು ನನ್ನದಲ್ಲ. ಹಾಗಾಗಿ ಆಮೇಲಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅಂದು ಸಂಜೆಯ ಬಸ್ಸಿಗೆ ಈರಮ್ಮ ಹೋದಳು. ಆದರೆ ಇಳಿಯಬೇಕಾದ ಕಡೆ ಇಳಿಯಲಿಲ್ಲವಂತೆ. ಟ್ರಂಕಿನ ಮೇಲೆ ಕೈಯಿಟ್ಟುಕೊಂಡು, ಮಾವ ಎಷ್ಟು ಗದರಿದರೂ ಏಳದೆ, ಲಿಂಗಸುಗೂರಿನ ತನಕ ಕೂತೇ ಹೋದಳಂತೆ. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದಿದೆ ಎಂದು ಶಾಲೆಯಲ್ಲಿ ಮೊದಲೇ ಕೇಳಿಕೊಂಡಿದ್ದಳು. ಆ ವರ್ಷ ಹಾಳಾಯಿತು. ಮರುವರ್ಷ ಅಲ್ಲಿಂದಲೇ ಬರೆದು ಪಾಸಾದಳು. ನಮ್ಮ ಮನೆಗೆ ಹಬ್ಬಕ್ಕೆ ಬಂದದ್ದುಂಟು, ಇರಲು ಮತ್ತೆ ಬರಲಿಲ್ಲ. ಈಗಲೂ ಮದುವೆ-ಮುಂಜಿಗಳಲ್ಲಿ ಸಿಗುತ್ತಾಳೆ, ಆ ಧ್ವನಿಯಲ್ಲೇ "ಊಟ ಆತೇನೋ?" ಎನ್ನುತ್ತಾಳೆ. ಆತು ಎನ್ನುತ್ತೇನೆ. ಅದಕ್ಕಿಂತ ಹೆಚ್ಚಿನದಕ್ಕೆ ಇಬ್ಬರಿಗೂ ಹುರುಪಿಲ್ಲ. ನಾನು ನಕಲು ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ನಕಲು ನನ್ನನ್ನು ಬಿಟ್ಟಿತು. ಮದುವೆ ಮನೆಗಳಲ್ಲಿ ಯಾರಾದರೂ "ಏ, ಅದೊಂದು ಮಾಡಿ ತೋರ್ಸು" ಎಂದರೆ ಈಗ ಗಂಟಲಲ್ಲ, ಮೈಯೇ ದಣಿಯುತ್ತದೆ.

ಆ ಮಧ್ಯಾಹ್ನ ಮಾತ್ರ ನನಗೆ ಹುರುಪಿತ್ತು. ಮೈಕಿಗೆ ಬಾಯಿ ಹಚ್ಚಿ ಹೇಳಿದೆ: "ಎಲ್ಲರೂ ಕೇಳ್ರಿ. ಈರಮ್ಮನ ದನಿ ಮಾಡಿದ್ದು ನಾನು. ಆಕಿ ಎಂದೂ ಮೈಕಿನ್ಯಾಗ ಮಾತಾಡಿಲ್ಲ. ತಪ್ಪಾತು. ಈರಮ್ಮಾ, ನಂದು ತಪ್ಪಾತು." ನನ್ನ ಸ್ವಂತ ಧ್ವನಿಯಲ್ಲೇ ಹೇಳಿದೆ. ಆದರೆ ಯಾವುದು ನನ್ನ ಸ್ವಂತ ಧ್ವನಿ? ಒಡೆದ ಗಂಟಲು, ಮೇಲೆ ಅಳು ಬೇರೆ ಸೇರಿತ್ತು, ಪುಟ್ಟ ಟಿ.ವಿ.ಯಿಂದ ಅದು ತಿರುಗಿ ಬಂದು ನನ್ನ ಕಿವಿಗೆ ಬಿದ್ದಾಗ ನಾನೇ ಬೆಚ್ಚಿದೆ. ಅದು ಥೇಟು ಈರಮ್ಮ. ಈರಮ್ಮನೇ ಕೂತು ಊರಿನ ಮುಂದೆ ತಪ್ಪಾಯಿತು ಎನ್ನುತ್ತಿದ್ದಳು. ಬೆಳಕಿಂಡಿಯಿಂದ ನಗು ಬಿತ್ತು, ಹಿಂದೆಂದೂ ಬೀಳದಷ್ಟು ದೊಡ್ಡದು. ಯಾರೋ ಶಿಳ್ಳೆ ಹೊಡೆದರು. ಯಾವುದೋ ಮಾಳಿಗೆಯಿಂದ "ಒನ್ಸ್ ಮೋರ್!" ಎಂಬ ಕೂಗು ಬಂತು.

ಈರಮ್ಮ ಅಡಿಗೆಮನೆಯಿಂದ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ಎರಡು ವರ್ಷಕ್ಕೂ ಮೇಲಾಗಿ ಆ ಮಿಶನ್ನಿನ ಪಕ್ಕದಲ್ಲೇ ಮಲಗಿ ಎದ್ದವಳು. ಯಾವ ಪಿನ್ನು ಯಾವುದರದು ಎಂದು ಅವಳಿಗೆ ಗೊತ್ತಿತ್ತು. ಮೈಕಿನ ಪಿನ್ನು ಹಿಡಿದು ಎಳೆದಳು. ಟಿ.ವಿ. ಮೂಕವಾಯಿತು, ಪರದೆ ನೀಲಿಯಾಗಿಯೇ ಇತ್ತು, ಮೇಲೆ ನಗು ಇನ್ನೂ ಉರುಳುತ್ತಿತ್ತು. ಪಡಸಾಲೆಯಿಂದ ಮಾವ, ಅಪ್ಪ, ಹೊಸ್ತಿಲಿಂದ ಅಮ್ಮ, ಎಲ್ಲರೂ ಇತ್ತ ನೋಡುತ್ತಿದ್ದರು. ಅವಳು ಯಾರನ್ನೂ ನೋಡದೆ, ನನ್ನನ್ನಷ್ಟೇ ನೋಡಿ, ಎಷ್ಟೋ ದಿನಗಳಿಂದ ಆ ಮನೆ ಕೇಳದಿದ್ದ ಆ ದಪ್ಪ, ತುದಿಯೊಡೆದ ಧ್ವನಿಯಲ್ಲಿ ಹೇಳಿದಳು:

"ತಪ್ಪಾತು ಅನ್ನಾಕೂ ನಿನಗ ಮಂದಿ ಬೇಕಾ? ನಾ ಇಲ್ಲೇ ಒಲಿ ಮುಂದ ಕುಂತಿದ್ನಲ್ಲೋ."